ಅಪ್ಪಯ್ಯನ ಹರ್ನಿಯಾ ಆಪರೇಷನ್: ಕತ್ತರಿ ಹಿಡಿದದ್ದು ಪಿಜಿ ಡಾಕ್ಟರ್, ಎದುರಿಗೆ ನಿಂತಿದ್ದು ಪ್ರೊಫೆಸರ್

ಸ್ಟಾರ್ ಎಷ್ಟು ಅನ್ನೋದನ್ನು ಮೊದಲೇ ಹೇಳಿಬಿಡುತ್ತೇನೆ. ಆಪರೇಷನ್ ಕೆಲಸಕ್ಕೆ ಐದರಲ್ಲಿ ನಾಲ್ಕು. ಆಮೇಲೆ ವಾರ್ಡಿನಲ್ಲಿ ನೋಡಿಕೊಂಡಿದ್ದಕ್ಕೆ ಪೂರ್ತಿ ಐದು. ನಮಗೆ ಹೇಳಬೇಕಾದ್ದನ್ನು ಹೇಳುವ ವಿಷಯದಲ್ಲಿ ಒಂದೇ ಒಂದು. ಅದೂ ಕೊನೆಗೆ ಪ್ರೊಫೆಸರ್ ಕೂತು ಮಾತಾಡಿದರು ಅನ್ನೋ ಕಾರಣಕ್ಕೆ.

ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಶಿವಮೊಗ್ಗದ ಒಂದು ಟೀಚಿಂಗ್ ಆಸ್ಪತ್ರೆ ಅಂತ ಇಟ್ಟುಕೊಳ್ಳಿ. ಸರ್ಕಾರಿ ಇರಲಿ, ಖಾಸಗಿ ಇರಲಿ, ಮೆಡಿಕಲ್ ಕಾಲೇಜಿಗೆ ಸೇರಿದ ಯಾವ ಆಸ್ಪತ್ರೆಗೆ ಆಪರೇಷನ್‌ಗೆ ಹೋದರೂ ಇದು ಎದುರಾಗುತ್ತೆ: ಪಿಜಿ, ಅಂದರೆ ಎಂಬಿಬಿಎಸ್ ಮುಗಿಸಿ ಸರ್ಜರಿ ಕಲಿಯುತ್ತಿರುವ ಡಾಕ್ಟರ್, ಆಪರೇಷನ್‌ನಲ್ಲಿ ಕೈ ಹಾಕುವುದು. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಓದಿ.

ನಮ್ಮ ಊರು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ ಒಳಗೆ. ಅಪ್ಪಯ್ಯನಿಗೆ 68 ವರ್ಷ. ಅಡಿಕೆ ತೋಟ ಇದೆ, ಸಕ್ಕರೆ ಕಾಯಿಲೆಯೂ ಇದೆ. ಬಲಗಡೆ ತೊಡೆಸಂದಿಯಲ್ಲಿ ಒಂದು ಗಂಟು ಮೂರು ವರ್ಷದಿಂದ ಇತ್ತಂತೆ, ನಮಗ್ಯಾರಿಗೂ ಹೇಳಿರಲಿಲ್ಲ. ನಿಂತರೆ ಹೊರಗೆ ಬರುತ್ತಿತ್ತು, ಮಲಗಿ ಒತ್ತಿದರೆ ಒಳಗೆ ಹೋಗುತ್ತಿತ್ತು, ಅವರ ಪಾಡಿಗೆ ಅವರು ಅದನ್ನು ಪಂಚೆಯೊಳಗೆ ಮುಚ್ಚಿಕೊಂಡು ಓಡಾಡಿಕೊಂಡಿದ್ದರು. ಈ ಮಳೆಗಾಲದಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವಾಗ ಮೈಲುತುತ್ತದ ಡ್ರಮ್ಮು ಎತ್ತಿದರು. ನೋವು ಬಂತು. ಆಗ ಅಮ್ಮನಿಗೆ ಗೊತ್ತಾಯಿತು. ತೀರ್ಥಹಳ್ಳಿಯ ಡಾಕ್ಟರ್ ನೋಡಿ, "ಇನ್ನೂ ಒಳಗೆ ಹೋಗುತ್ತಿದೆ, ಪುಣ್ಯ. ಕರುಳು ಅಲ್ಲೇ ಸಿಕ್ಕಿಕೊಂಡರೆ ರಾತ್ರೋರಾತ್ರಿ ಓಡಬೇಕಾಗುತ್ತೆ, ಮಾಡಿಸಿಬಿಡಿ" ಅಂದರು.

ಎಲ್ಲಿ ಮಾಡಿಸೋದು ಅಂತ ಮನೆಯಲ್ಲಿ ಎರಡು ದಿನ ಮಾತು ನಡೆಯಿತು. ಚಿಕ್ಕಪ್ಪ, "ಶಿವಮೊಗ್ಗದ ಕಾಲೇಜು ಆಸ್ಪತ್ರೆ ಬೇಡ, ಹುಡುಗ್ರು ಕಲಿಯೋಕೆ ಕೊಯ್ತಾರೆ. ಮಣಿಪಾಲಕ್ಕೆ ಕರ್ಕೊಂಡು ಹೋಗು" ಅಂದರು. ಮಣಿಪಾಲದ್ದೂ 1953ರಲ್ಲಿ ಶುರುವಾದ ಮೆಡಿಕಲ್ ಕಾಲೇಜೇ, ಅಲ್ಲೂ ಪಿಜಿಗಳು ಇದ್ದೇ ಇರುತ್ತಾರೆ ಅಂತ ಆವತ್ತು ನಮಗೆ ಯಾರಿಗೂ ಹೊಳೆಯಲಿಲ್ಲ. ಒಂದು ನರ್ಸಿಂಗ್ ಹೋಮಲ್ಲಿ ವಿಚಾರಿಸಿದೆವು. ಅವರು ಹೇಳಿದ ದುಡ್ಡಿನ ಮೂರನೇ ಒಂದು ಪಾಲಿಗೆ ಟೀಚಿಂಗ್ ಆಸ್ಪತ್ರೆಯಲ್ಲಿ ಮುಗಿಯುತ್ತಿತ್ತು. ನಮ್ಮ ಶಾಲೆಯ ಮೇಷ್ಟ್ರೊಬ್ಬರ ತಾಯಿಗೆ ಅಲ್ಲೇ ಆಪರೇಷನ್ ಆಗಿ ಚೆನ್ನಾಗಿದ್ದರು. ಸರಿ ಅಂತ ಬೆಳಗ್ಗಿನ ಬಸ್ಸು ಹತ್ತಿದೆವು. ಮಂಡಗದ್ದೆ, ಗಾಜನೂರು ದಾಟುವಷ್ಟು ಹೊತ್ತೂ ಅಪ್ಪಯ್ಯ ಕಿಟಕಿಯಿಂದ ತುಂಗೆ ನೋಡುತ್ತಾ ಕೂತಿದ್ದರು, ಒಂದು ಮಾತಿಲ್ಲ.

ಓಪಿಡಿ ಬಗ್ಗೆ ಹೇಳುವಂಥದ್ದು ಏನಿಲ್ಲ. ಟೋಕನ್, ಕಾಯುವುದು, ರಕ್ತ, ಇಸಿಜಿ. ಬೇಗ ಹೋದರೆ ಬೇಗ ಆಗುತ್ತೆ. ಯೂನಿಟ್ಟಿನ ಪ್ರೊಫೆಸರೇ ನೋಡಿದರು. ಹೊಟ್ಟೆಯ ಗೋಡೆ ಸಡಿಲ ಆಗಿರುವ ಜಾಗಕ್ಕೆ ಒಂದು ಬಲೆ ಇಟ್ಟು ಹೊಲಿಯುತ್ತೇವೆ, ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸುತ್ತೇವೆ, ಎಚ್ಚರ ಇರುತ್ತೀರಿ ಅಂತ ಹೇಳಿದರು. ನಿಧಾನವಾಗಿ, ಕನ್ನಡದಲ್ಲಿ, ಅಪ್ಪಯ್ಯನ ಮುಖ ನೋಡಿ ಹೇಳಿದರು. ನಮಗೆ ಧೈರ್ಯ ಬಂದದ್ದೇ ಆ ಮಾತಿನಿಂದ. ಅವರೇ ಆಪರೇಷನ್ ಮಾಡುತ್ತಾರೆ ಅಂತ ನಾವು ತಿಳಿದುಕೊಂಡೆವು.

ಅಡ್ಮಿಟ್ ಆದ ಸಂಜೆಯ ಒಂದು ವಿಷಯ ನನಗೆ ಇವತ್ತಿಗೂ ಬೇಜಾರು. ಆರು ಜನ ಮೆಡಿಕಲ್ ವಿದ್ಯಾರ್ಥಿಗಳು ಬಂದರು, ಅದರಲ್ಲಿ ಮೂವರು ಹೆಣ್ಣುಮಕ್ಕಳು. "ಅಜ್ಜ, ಸ್ವಲ್ಪ ನಿಂತ್ಕೊಳ್ಳಿ, ಪಂಚೆ ತೆಗೀರಿ, ಕೆಮ್ಮಿ." ಕೆಮ್ಮಿದಾಗ ಗಂಟು ಹೊರಗೆ ಬರುತ್ತಲ್ಲ, ಅದನ್ನು ಕೈಯಿಟ್ಟು ನೋಡುವುದು ಅವರ ಪಾಠ. ಒಬ್ಬರಾದ ಮೇಲೆ ಒಬ್ಬರು. ಪರದೆ ಎಳೆದಿರಲಿಲ್ಲ. ಹೊಲದಲ್ಲಿ, ತೋಟದಲ್ಲಿ ಹತ್ತು ಜನರಿಗೆ ಹೇಳಿ ಕೆಲಸ ಮಾಡಿಸಿದ ಮನುಷ್ಯ ಅವತ್ತು ಗೋಡೆ ಕಡೆ ಮುಖ ಮಾಡಿ ನಿಂತಿದ್ದರು. ಆ ಮಕ್ಕಳು ಕೆಟ್ಟವರಲ್ಲ, ಮರ್ಯಾದೆಯಿಂದಲೇ ಮಾತಾಡಿದರು. ಆದರೆ ನಿಮಗೆ ಒಪ್ಪಿಗೆಯಾ ಅಂತ ಒಂದು ಮಾತು ಕೇಳಲಿಲ್ಲ. ಪರದೆ ಎಳೆಯೋಕೆ ಎಷ್ಟು ಹೊತ್ತು ಬೇಕು? ಬೇಡ ಅನ್ನುವ ಹಕ್ಕು ನಮಗೆ ಇದೆ ಅಂತ ನನಗೂ ಆ ಹೊತ್ತಿಗೆ ನೆನಪಾಗಲಿಲ್ಲ.

ರಾತ್ರಿ ಒಂಬತ್ತರ ಸುಮಾರಿಗೆ ಹೌಸ್ ಸರ್ಜನ್ ಒಬ್ಬರು ಫೈಲ್ ಹಿಡಿದು ಬಂದರು. ಎಂಬಿಬಿಎಸ್ ಓದು ಮುಗಿಸಿ ಒಂದು ವರ್ಷ ಆಸ್ಪತ್ರೆಯಲ್ಲಿ ದುಡಿಯುತ್ತಾರಲ್ಲ, ಅವರು. ಇಂಗ್ಲಿಷಿನಲ್ಲಿದ್ದ ಒಪ್ಪಿಗೆ ಪತ್ರ. "ಇಲ್ಲಿ, ಇಲ್ಲಿ, ಇಲ್ಲಿ ಸೈನ್ ಹಾಕಿ." ಅಪ್ಪಯ್ಯ ಕನ್ನಡದಲ್ಲಿ ಸಹಿ ಹಾಕಿದರು, ನಾನು ಸಾಕ್ಷಿ. ನಾನು ವಿಜ್ಞಾನ ಪಾಠ ಮಾಡುವ ಹೈಸ್ಕೂಲ್ ಟೀಚರ್, ಇಂಗ್ಲಿಷ್ ಓದಲು ಬರುತ್ತೆ, ಆದರೂ ಪೂರ್ತಿ ಓದಲಿಲ್ಲ. ಹಿಂದೆ ಇನ್ನೂ ನಾಲ್ಕು ಮಂಚದವರು ಕಾಯುತ್ತಿದ್ದರು. ಮಾಹಿತಿ ಕೊಟ್ಟು ಪಡೆದ ಒಪ್ಪಿಗೆ ಮಾತ್ರ ನಿಜವಾದ ಒಪ್ಪಿಗೆ ಅಂತ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಅದು ಆಮೇಲೆ ತಿಳಿದದ್ದು.

ಮಾರನೇ ದಿನ ಒಂದು ಗಂಟೆ ಸಾಕು ಅಂದಿದ್ದರು. ಒಂದೂಮುಕ್ಕಾಲು ಗಂಟೆ ಆಯಿತು. ಓಟಿ, ಅಂದರೆ ಆಪರೇಷನ್ ಥಿಯೇಟರ್ ಬಾಗಿಲ ಹೊರಗಿನ ಬೆಂಚಿನಲ್ಲಿ ಕೂತವರಿಗೆ ಆ ನಲವತ್ತೈದು ನಿಮಿಷ ಏನು ಅಂತ ಗೊತ್ತಿರುತ್ತೆ. ಅಮ್ಮ ದೇವರ ಹೆಸರು ಹೇಳುತ್ತಲೇ ಇದ್ದರು. ಸ್ಟ್ರೆಚರ್ ಹೊರಗೆ ಬಂದಾಗ ಅಪ್ಪಯ್ಯ ಪೂರ್ತಿ ಎಚ್ಚರ ಇದ್ದರು, ಮೊದಲ ಮಾತೇ ಇದು: "ಆ ಹುಡುಗನೇ ಮಾಡಿದ್ದು ಮಾರಾಯ್ತಿ. ದೊಡ್ಡ ಡಾಕ್ಟ್ರು ಹೇಳಿ ಕೊಡ್ತಿದ್ರು."

ನನ್ನ ಎದೆ ಧಸಕ್ ಅಂದಿತು.

ಆಮೇಲೆ ನಿಧಾನಕ್ಕೆ ಎಲ್ಲಾ ಹೇಳಿದರು. ಕಣ್ಣೆದುರಿಗೆ ಹಸಿರು ಬಟ್ಟೆ ಕಟ್ಟಿದ್ದರು, ಏನೂ ಕಾಣುತ್ತಿರಲಿಲ್ಲ, ಕಿವಿ ಮಾತ್ರ ಕೇಳುತ್ತಿತ್ತು. ಕೊಯ್ಯುವ ಮೊದಲು ಎಲ್ಲರೂ ಒಮ್ಮೆ ನಿಂತು ಹೆಸರು ಹೇಳಿಕೊಂಡರಂತೆ, "ಮದುವೆ ಮನೇಲಿ ಪರಿಚಯ ಮಾಡ್ಕೊಳ್ಳೋ ಹಾಗೆ". ಒಬ್ಬರು ಅರಿವಳಿಕೆ, ಒಬ್ಬರು ಸಿಸ್ಟರ್. ಪಿಜಿ ತನ್ನ ಹೆಸರು ಹೇಳಿ "ನಾನು ಆಪರೇಟ್ ಮಾಡುತ್ತೇನೆ, ಸಾರ್ ಅಸಿಸ್ಟ್ ಮಾಡುತ್ತಾರೆ" ಅಂದರಂತೆ. ಅಪ್ಪಯ್ಯನ ಹೆಸರು, ಬಲಗಡೆಯ ಹರ್ನಿಯಾ ಅಂತಲೂ ಗಟ್ಟಿಯಾಗಿ ಹೇಳಿದರಂತೆ. ಇದು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಆಪರೇಷನ್ ಚೆಕ್‌ಲಿಸ್ಟ್. ದೆಹಲಿಯೂ ಸೇರಿ ಎಂಟು ಊರಿನ ಎಂಟು ಆಸ್ಪತ್ರೆಗಳಲ್ಲಿ ಬಳಸಿ ನೋಡಿದಾಗ ಸಾವು ನೂರಕ್ಕೆ 1.5 ಇದ್ದದ್ದು 0.8ಕ್ಕೆ ಇಳಿಯಿತು ಅಂತ 2009ರಲ್ಲಿ ಪ್ರಕಟವಾಗಿದೆ. ನಮ್ಮ ಶಿವಮೊಗ್ಗದಲ್ಲಿ ಅದನ್ನು ಸುಮ್ನೆ ಟಿಕ್ ಹಾಕದೆ ಬಾಯಿಬಿಟ್ಟು ಹೇಳಿ ಮಾಡುತ್ತಾರೆ ಅನ್ನೋದು ನನಗೆ ಬಹಳ ಸಮಾಧಾನ ಕೊಟ್ಟ ಸಂಗತಿ. ನಾಲ್ಕು ಸ್ಟಾರ್ ಕೊಡಲು ಇದೂ ಕಾರಣ. ಆದರೆ ಯಾರು ಕೊಯ್ಯುತ್ತಾರೆ ಅನ್ನೋದನ್ನು ಓಟಿಯಲ್ಲಿ ಇದ್ದ ಪ್ರತಿಯೊಬ್ಬರಿಗೂ ಹೇಳಿದ ಆಸ್ಪತ್ರೆ, ಹಿಂದಿನ ರಾತ್ರಿ ಅಪ್ಪಯ್ಯನಿಗೆ ಹೇಳಲಿಲ್ಲ.

ಆಪರೇಷನ್ ಉದ್ದಕ್ಕೂ ಪ್ರೊಫೆಸರ್ ದನಿ ಕೇಳುತ್ತಲೇ ಇತ್ತಂತೆ. "ನಿಧಾನ." "ನರ ಎಲ್ಲಿ? ತೋರಿಸು, ಆಮೇಲೆ ಮುಂದೆ ಹೋಗು." "ಅಲ್ಲಲ್ಲ, ಇಲ್ಲಿ ಹಿಡಿ." ಒಂದು ಕಡೆ ಬಂದಾಗ "ಇದಿಷ್ಟು ನಾನು ಹಾಕ್ತೀನಿ, ನೋಡ್ಕೋ" ಅಂದರಂತೆ. ತೊಡೆಗೆ ಹೋಗುವ ದೊಡ್ಡ ರಕ್ತನಾಳದ ಹತ್ತಿರದ ಹೊಲಿಗೆ ಅದು ಅಂತ ಆಮೇಲೆ ಗೊತ್ತಾಯಿತು. ನಡುನಡುವೆ ಪಿಜಿ "ಅಜ್ಜ, ನೋವಾಗ್ತಿದ್ಯಾ?" ಅಂತ ಕೇಳುತ್ತಿದ್ದರಂತೆ.

ನಾನು ಸೀದಾ ಕೌಂಟರಿಗೆ ಹೋಗಿ ಯಾರು ಮಾಡಿದ್ದು ಅಂತ ಕೇಳಿದೆ. "ಎಲ್ಲಾ ಸಾರೇ ಮಾಡೋದು ಮೇಡಂ" ಅಂತ ಉತ್ತರ ಬಂತು. ಅದು ನಿಜ ಅಲ್ಲ. ಅದು ನಿಜ ಅಲ್ಲ ಅಂತ ನನಗೆ ಗೊತ್ತಿತ್ತು, ಬಹುಶಃ ಅವರಿಗೂ ಗೊತ್ತಿತ್ತು. ಈ ಒಂದು ಉತ್ತರ ಮಾಡಿದಷ್ಟು ಕೆಡುಕನ್ನು ಪಿಜಿಯ ಕತ್ತರಿ ಮಾಡಲಿಲ್ಲ. ಮುಚ್ಚಿಡುತ್ತಿದ್ದಾರೆ ಅಂದರೆ ಏನೋ ಹೆಚ್ಚುಕಮ್ಮಿ ಆಗಿರಬೇಕು ಅಂತ ತಾನೇ ಅನ್ನಿಸೋದು?

ಸಂಜೆ ಪಿಜಿ ಡಾಕ್ಟರ್ ರೌಂಡ್ಸಿಗೆ ಬಂದಾಗ ಅವರನ್ನೇ ಕೇಳಿದೆ. ಆ ಹುಡುಗ ಒಂದು ಕ್ಷಣ ಸುಮ್ಮನಿದ್ದು, "ಹೌದು ಮೇಡಂ, ನಾನೇ ಮಾಡಿದ್ದು. ಸಾರ್ ಕೈತೊಳೆದು ಸ್ಕ್ರಬ್ ಆಗಿ ಎದುರಿಗಿದ್ದರು. ಬಲೆಯ ಒಂದು ಭಾಗ ಅವರು ಹೊಲಿದರು. ಇದು ನನ್ನ ಕೊನೆ ವರ್ಷ" ಅಂದರು. ಅಷ್ಟೇ. ನನ್ನ ಸಿಟ್ಟು ಅರ್ಧ ಇಳಿಯಿತು.

ಮಾರನೇ ದಿನ ಪ್ರೊಫೆಸರ್ ರೂಮಿಗೆ ಹೋದೆ. ಹತ್ತು ನಿಮಿಷ ಕೂರಿಸಿ ಮಾತಾಡಿದರು. ಪಿಜಿ ಅಂದರೆ ಎಂಬಿಬಿಎಸ್ ಮುಗಿಸಿದ ಡಾಕ್ಟರ್, ಮೂರು ವರ್ಷ ಸರ್ಜರಿಯಲ್ಲಿ ಎಂಎಸ್ ಮಾಡುತ್ತಾರೆ. ಮೊದಲು ನಿಂತು ನೋಡುತ್ತಾರೆ, ಆಮೇಲೆ ಸಹಾಯ ಮಾಡುತ್ತಾರೆ, ಆಮೇಲೆ ನಾವು ಎದುರಿಗೆ ನಿಂತು ಅವರ ಕೈಯಲ್ಲಿ ಮಾಡಿಸುತ್ತೇವೆ, ಪ್ರತಿಯೊಂದನ್ನೂ ಲಾಗ್‌ಬುಕ್ಕಿನಲ್ಲಿ ಬರೆಯಬೇಕು, ನಾನು ಸಹಿ ಹಾಕಬೇಕು ಅಂದರು. "ನಾನೂ ಹೀಗೇ ಯಾರದೋ ಅಪ್ಪನ ಮೇಲೆ ಕಲಿತವನು. ಆದರೆ ನಿಮಗೆ ಮೊದಲೇ ಹೇಳಬೇಕಿತ್ತು. ಅದು ನಮ್ಮ ತಪ್ಪು." ಇಷ್ಟು ನೇರವಾಗಿ ತಪ್ಪು ಒಪ್ಪಿಕೊಂಡ ದೊಡ್ಡವರನ್ನು ನಾನು ಜಾಸ್ತಿ ನೋಡಿಲ್ಲ.

ಮನೆಗೆ ಬಂದ ಮೇಲೆ ಈ ವಿಷಯ ಓದಲು ಶುರು ಮಾಡಿದೆ. ಕಲಿಯುವವರ ಕೈ ಸೇರಿದರೆ ರೋಗಿಗೆ ನಿಜವಾಗಿ ಏನಾಗುತ್ತೆ? ಅಮೆರಿಕದಲ್ಲಿ ಬಹಳ ಆಸ್ಪತ್ರೆಗಳು ಸೇರಿ ಆಪರೇಷನ್ ಆದ 30 ದಿನದವರೆಗೆ ರೋಗಿಗೆ ಏನೇನಾಯಿತು ಅಂತ ಬರೆದಿಡುತ್ತವೆ. ಆ ದಾಖಲೆಯಲ್ಲಿ ಸುಮಾರು 60,000 ಆಪರೇಷನ್ ನೋಡಿದ ಒಂದು ಅಧ್ಯಯನ 2012ರಲ್ಲಿ ಬಂದಿದೆ. ಒಂದೇ ಥರದ ರೋಗಿಗಳನ್ನು ಹೋಲಿಸಿದ್ದಾರೆ, ಒಂದು ಕಡೆ ಪಿಜಿ ಇದ್ದದ್ದು, ಇನ್ನೊಂದು ಕಡೆ ಇಲ್ಲದ್ದು. ಸಾವಿನಲ್ಲಿ ವ್ಯತ್ಯಾಸ ಇಲ್ಲ, ಎರಡರಲ್ಲೂ ಸಾವಿರಕ್ಕೆ ಸುಮಾರು ಇಬ್ಬರು. ಆದರೆ ಸಮಯ ಜಾಸ್ತಿ: ಪಿಜಿ ಇದ್ದರೆ ಸರಾಸರಿ 122 ನಿಮಿಷ, ಇಲ್ಲದಿದ್ದರೆ 97. ಗಾಯದ ಮೇಲುಮೇಲಿನ ಸೋಂಕೂ ಸ್ವಲ್ಪ ಜಾಸ್ತಿ: ನೂರಕ್ಕೆ 3, ಇಲ್ಲದಿದ್ದರೆ 2.2. ಇದನ್ನು ಓದಿದಾಗ ಓಟಿ ಹೊರಗಿನ ಆ ಬೆಂಚು ನೆನಪಾಯಿತು. ನಮ್ಮ ನಲವತ್ತೈದು ನಿಮಿಷಕ್ಕೆ ಒಂದು ಅರ್ಥ ಸಿಕ್ಕಿತು. ಕಲಿಸುತ್ತಾ ಮಾಡಿದರೆ ಹೊತ್ತು ಹಿಡಿಯುತ್ತೆ, ಅಷ್ಟೇ.

ಅದಕ್ಕಿಂತ ಒಂದು ವರ್ಷ ಮೊದಲು, 2011ರಲ್ಲಿ, ಆರು ಲಕ್ಷಕ್ಕೂ ಜಾಸ್ತಿ ಆಪರೇಷನ್‌ಗಳನ್ನು ನೋಡಿದ ಇನ್ನೊಂದು ಅಧ್ಯಯನ ಬಂದಿತ್ತು. ಅದರಲ್ಲಿ ಪಿಜಿ ಇದ್ದಾಗ ತೊಂದರೆಗಳು ಸ್ವಲ್ಪ ಜಾಸ್ತಿ, ಸಾವು ಸ್ವಲ್ಪ ಕಡಿಮೆ. ಮೊದಲು ವಿಚಿತ್ರ ಅನ್ನಿಸಿತು. ಆಮೇಲೆ ಅಪ್ಪಯ್ಯನ ಮೊದಲ ರಾತ್ರಿ ನೆನಪಾಯಿತು. ಬೆನ್ನಿನ ಇಂಜೆಕ್ಷನ್ ಆದ ಮೇಲೆ ಕೆಲವರಿಗೆ ಮೂತ್ರ ಕಟ್ಟಿಕೊಳ್ಳುತ್ತೆ, ಅದರಲ್ಲೂ ವಯಸ್ಸಾದ ಗಂಡಸರಿಗೆ. ರಾತ್ರಿ ಎರಡು ಗಂಟೆಗೆ ಹೊಟ್ಟೆ ಉಬ್ಬಿ ಒದ್ದಾಡುತ್ತಿದ್ದರು. ಸಿಸ್ಟರ್ ಫೋನ್ ಮಾಡಿ ಹತ್ತು ನಿಮಿಷ ಆಗಿರಲಿಲ್ಲ, ಅದೇ ಪಿಜಿ ಬಂದು ನಳಿಕೆ ಹಾಕಿ, ಆರಾಮಾಗುವ ತನಕ ಪಕ್ಕದಲ್ಲೇ ನಿಂತಿದ್ದರು. ಬೆಳಗ್ಗೆ ಆರಕ್ಕೆ ಮತ್ತೆ ಅವರೇ. ತೊಂದರೆ ಬಂದಾಗ ಬೇಗ ಗಮನಿಸಿ ಓಡಿ ಬರುವವರು ವಾರ್ಡಿನಲ್ಲಿ ಇಪ್ಪತ್ನಾಲ್ಕು ಗಂಟೆ ಇದ್ದರೆ, ಚಿಕ್ಕ ತೊಂದರೆ ದೊಡ್ಡದಾಗುವುದಿಲ್ಲ. ಆ ಅಂಕಿಗೆ ಇದೂ ಒಂದು ಕಾರಣ ಇರಬಹುದು ಅಂತ ನನಗೆ ಅನ್ನಿಸುತ್ತೆ. ನರ್ಸಿಂಗ್ ಹೋಮಿನ ಡಾಕ್ಟರ್ ಎಷ್ಟೇ ಒಳ್ಳೆಯವರಾದರೂ ರಾತ್ರಿ ಮನೆಗೆ ಹೋಗಲೇಬೇಕಲ್ವಾ?

ಹಾಗಂತ ಎಲ್ಲಾ ಸರಿ ಇದೆ ಅಂತ ಹೇಳಿದರೆ ಅದು ಪ್ರಾಮಾಣಿಕ ಆಗುವುದಿಲ್ಲ. ಹರ್ನಿಯಾದ ಬಗ್ಗೆಯೇ ಒಂದು ಅಧ್ಯಯನ ಇದೆ, 2005ರದ್ದು, ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳದ್ದು. ಓದಿ ನನಗೆ ನಿದ್ದೆ ಬರಲಿಲ್ಲ. ಅಪ್ಪಯ್ಯನಿಗೆ ಮಾಡಿದ ಹಾಗೆ ಕೊಯ್ದು ಬಲೆ ಹಾಕಿದ ಆಪರೇಷನ್‌ಗಳಲ್ಲಿ, ಮೊದಲ ಎರಡು ವರ್ಷದ ಪಿಜಿ ಮಾಡಿದ್ದರೆ ಹರ್ನಿಯಾ ಮರಳಿ ಬಂದದ್ದು ನೂರಕ್ಕೆ ಆರಕ್ಕಿಂತ ಜಾಸ್ತಿ. ನಾಲ್ಕನೇ ವರ್ಷ ಅಥವಾ ಅದಕ್ಕಿಂತ ಮೇಲಿನವರು ಮಾಡಿದ್ದರೆ ನೂರಕ್ಕೆ ಒಂದರ ಆಸುಪಾಸು. ಎಲ್ಲದರಲ್ಲೂ ಹಿರಿಯ ಸರ್ಜನ್ ಜೊತೆಗಿದ್ದರು, ಆದರೂ. ಹರ್ನಿಯಾ ಸುಲಭದ ಆಪರೇಷನ್, ಹೊಸಬರಿಗೆ ಕೊಡಿ ಅನ್ನುವ ರೂಢಿ ಇದೆಯಲ್ಲ, ಅದು ಅಷ್ಟು ಸರಿಯಲ್ಲ ಅಂತ ಇದರ ಅರ್ಥ. ಇನ್ನೊಂದು ಮಾತು. ಅಲ್ಲಿ ಸರ್ಜರಿ ಕಲಿಕೆ ಐದು ವರ್ಷ, ನಮ್ಮಲ್ಲಿ ಮೂರು. ನಮ್ಮಲ್ಲಿ ಕೊನೆ ವರ್ಷದ ಪಿಜಿ ಅಂದರೆ ಅಲ್ಲಿಯ ಲೆಕ್ಕದಲ್ಲಿ ನಡುವಿನವರು. ಹಾಗಾಗಿ ಆ ಅಂಕಿಗಳನ್ನು ಹಾಗೇ ತಂದು ಶಿವಮೊಗ್ಗಕ್ಕೆ ಅಂಟಿಸಲು ಆಗುವುದಿಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಸಿಕ್ಕಿತು: ಪಿಜಿ ಇದ್ದಾರಾ ಅಂತ ಅಲ್ಲ, ಯಾವ ವರ್ಷದ ಪಿಜಿ ಅಂತ.

ಹಾಗಾದರೆ ಹಿರಿಯ ಡಾಕ್ಟರೇ ಮಾಡಿದರೆ ನಿಶ್ಚಿಂತೆಯಾ? ಅದೂ ಅಲ್ಲ. ಮಿಷಿಗನ್‌ನಲ್ಲಿ ತೂಕ ಇಳಿಸುವ ಆಪರೇಷನ್ ಮಾಡುವ 20 ಜನ ಸರ್ಜನ್‌ಗಳು ತಮ್ಮ ಆಪರೇಷನ್ ವಿಡಿಯೋ ಕಳಿಸಿದರು, ಹೆಸರು ಗೊತ್ತಿಲ್ಲದೆ ಬೇರೆ ಸರ್ಜನ್‌ಗಳು ಅಂಕ ಕೊಟ್ಟರು. ಇವರೆಲ್ಲ ಕಲಿಕೆ ಮುಗಿಸಿದವರೇ. ಕೈ ಚಳಕದಲ್ಲಿ ಕೆಳಗಿನ ಕಾಲು ಭಾಗದವರ ರೋಗಿಗಳಲ್ಲಿ ನೂರಕ್ಕೆ 14.5 ಜನಕ್ಕೆ ತೊಂದರೆ ಆಗಿತ್ತು, ಮೇಲಿನ ಕಾಲು ಭಾಗದವರಲ್ಲಿ 5.2. ಇದು 2013ರಲ್ಲಿ ಬಂದದ್ದು. ಅಂದರೆ ಕೈ ಚೆನ್ನಾಗಿ ಪಳಗಿರಬೇಕು, ಪಳಗಬೇಕಾದರೆ ಯಾರೋ ಎದುರಿಗೆ ನಿಂತು "ನರ ತೋರಿಸು" ಅಂತ ಹೇಳಿರಬೇಕು.

ನಮ್ಮ ಶಾಲೆಗೂ ಪ್ರತಿ ವರ್ಷ ಬಿ.ಎಡ್ ಮಾಡುವವರು ಪಾಠ ಮಾಡಲು ಬರುತ್ತಾರೆ. ನನ್ನ ಒಂಬತ್ತನೇ ಕ್ಲಾಸು ಅವರಿಗೆ ಬಿಟ್ಟು ನಾನು ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಪಾಠ ಒಂದೆರಡು ಪೀರಿಯಡ್ ಜಾಸ್ತಿ ತೆಗೆದುಕೊಳ್ಳುತ್ತೆ. ತಪ್ಪು ಹೇಳಿದರೆ ಆಮೇಲೆ ಸರಿ ಮಾಡುತ್ತೇನೆ, ತೀರಾ ತಪ್ಪಾದರೆ ಅಲ್ಲೇ ಎದ್ದು ನಿಲ್ಲುತ್ತೇನೆ. ನಾನು ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತಾ ಕೂತರೆ ಆ ಮಕ್ಕಳ ಪಾಠ ಹಾಳು, ಕಲಿಯಲು ಬಂದವರೂ ಹಾಳು. ಆದರೆ ಮೊದಲ ದಿನವೇ ಮಕ್ಕಳಿಗೆ ಹೇಳುತ್ತೇನೆ, ಇವರು ಕಲಿಯುತ್ತಿರುವ ಟೀಚರ್, ನಾನು ಇಲ್ಲೇ ಇರುತ್ತೇನೆ ಅಂತ. ಆಸ್ಪತ್ರೆಯಿಂದ ನಾನು ಬಯಸಿದ್ದು ಈ ಒಂದು ಸಾಲು.

ಈಗ ನಾಲ್ಕು ಸ್ಟಾರ್ ಯಾಕೆ, ಐದು ಯಾಕಲ್ಲ ಅಂತ. ಡಿಸ್ಚಾರ್ಜ್ ಆಗಿ ಬಂದ ಮೂರನೇ ದಿನ, ಆಪರೇಷನ್ ಆಗಿ ಆರನೇ ದಿನ, ಗಾಯದ ಒಂದು ತುದಿ ಕೆಂಪಾಗಿ ಸ್ವಲ್ಪ ಕೀವು ಬಂತು. ನಮ್ಮ ಕಡೆ ಮಳೆ ಬಿಟ್ಟಿರಲಿಲ್ಲ, ಮನೆಯಲ್ಲಿ ಬಟ್ಟೆ ಒಣಗದ ದಿನಗಳು. ಒಳಗೆ ಬಲೆ ಇದೆ, ಅದಕ್ಕೆ ತಗುಲಿದರೆ ತೆಗೆಯಬೇಕಾಗಬಹುದು ಅಂತ ಓದಿಕೊಂಡಿದ್ದೆ, ಕೈಕಾಲು ನಡುಗಿತು. ವಾಟ್ಸಾಪಿನಲ್ಲಿ ಫೋಟೋ ಕಳಿಸಿದೆ. ಪಿಜಿ ಡಾಕ್ಟರ್ ಕಾಲು ಗಂಟೆಯೊಳಗೆ ಫೋನ್ ಮಾಡಿ, ಜ್ವರ ಇದೆಯಾ, ಸಕ್ಕರೆ ಎಷ್ಟಿದೆ ಕೇಳಿ, ನಾಳೆ ಬೆಳಗ್ಗೆಯೇ ಕರ್ಕೊಂಡು ಬನ್ನಿ ಅಂದರು. ಪ್ರೊಫೆಸರೂ ಬಂದು ನೋಡಿದರು. ಚರ್ಮದ ಮಟ್ಟದಲ್ಲಷ್ಟೇ ಇದೆ, ಒಳಗೆ ಹೋಗಿಲ್ಲ ಅಂತ ಒಂದು ಹೊಲಿಗೆ ಬಿಡಿಸಿ ತೊಳೆದು ಕಳಿಸಿದರು. ಆಮೇಲೆ ಊರಿನ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ದಿನ ಬಿಟ್ಟು ದಿನ ಡ್ರೆಸ್ಸಿಂಗ್. ಎರಡು ವಾರದಲ್ಲಿ ಮಾಗಿತು.

ಇದು ಪಿಜಿ ಮಾಡಿದ್ದರಿಂದ ಆಯಿತಾ? ಚಿಕ್ಕಪ್ಪ ಹೌದು ಅಂತಾರೆ. ನಾನು ಹಾಗೆ ಹೇಳಲಾರೆ. ಅಪ್ಪಯ್ಯನಿಗೆ ಸಕ್ಕರೆ ಇದೆ, ವಯಸ್ಸಾಗಿದೆ, ಬೇಡ ಅಂದರೂ ನಾಲ್ಕನೇ ದಿನ ಕೊಟ್ಟಿಗೆಗೆ ಹೋಗಿ ಬಂದಿದ್ದರು. ಗಾಯ ಜಾಸ್ತಿ ಹೊತ್ತು ತೆರೆದಿದ್ದರೆ ಸೋಂಕಿನ ಸಾಧ್ಯತೆ ಸ್ವಲ್ಪ ಏರುತ್ತೆ ಅನ್ನೋದೂ ನಿಜ. ಒಬ್ಬ ರೋಗಿಯಲ್ಲಿ ಇದರಲ್ಲಿ ಯಾವುದು ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಅದಕ್ಕೇ ಸಾವಿರಗಟ್ಟಲೆ ಜನರ ಲೆಕ್ಕ ಬೇಕಾಗುವುದು.

ಅಪ್ಪಯ್ಯನಿಗೆ ಈ ಲೆಕ್ಕ ಯಾವುದೂ ಬೇಕಾಗಿಲ್ಲ. ಅವರು ಬೇರೆಯೇ ಹೇಳುತ್ತಾರೆ. ನಮ್ಮ ತೋಟಕ್ಕೆ ಕೊನೆ, ಅಂದರೆ ಅಡಿಕೆ ಗೊಂಚಲು, ಕೊಯ್ಯಲು ಬರುವ ಕೊನೆಗೌಡ ತನ್ನ ಮಗನನ್ನು ಮೊದಲ ಸಲ ಮರ ಹತ್ತಿಸಿದ್ದು ನಮ್ಮಲ್ಲೇ. ಅವತ್ತು ಅವನು ಬೇರೆ ಮರ ಹತ್ತಲಿಲ್ಲ, ಮಗನ ಮರದ ಬುಡದಲ್ಲೇ ನಿಂತು ತಲೆ ಎತ್ತಿ ನೋಡುತ್ತಾ "ಕಾಲು ಸರಿ ಇಡು, ಪಕ್ಕದ ಮರಕ್ಕೆ ಈಗ್ಲೇ ದಾಟಬೇಡ" ಅಂತ ಹೇಳುತ್ತಿದ್ದನಂತೆ. ಎರಡು ಕೊನೆ ಹಗ್ಗದಿಂದ ಜಾರಿ ಬಿದ್ದು ಅಡಿಕೆ ಚದುರಿತು. ಈಗ ನಮ್ಮ ಊರಿನಲ್ಲಿ ಕೊನೆ ಕೊಯ್ಯಲು ಜನ ಸಿಗುವುದೇ ಕಷ್ಟ, ಇರುವುದು ಆ ಹುಡುಗ ಒಬ್ಬನೇ. "ಅವತ್ತು ನಮ್ಮ ತೋಟ ಬೇಡ ಅಂದಿದ್ರೆ ಇವತ್ತು ಯಾರು ಹತ್ತೋರು?" ಅಂತ ಅಪ್ಪಯ್ಯ ಕೇಳುತ್ತಾರೆ. ನಾನು ಹೇಳಿದೆ, ಕೊನೆಗೌಡ ಮಗನನ್ನು ಹತ್ತಿಸುವ ಮೊದಲು ನಿಮ್ಮನ್ನು ಕೇಳಿದ್ದನಲ್ಲ ಅಪ್ಪಯ್ಯ? ಅವರು ಸ್ವಲ್ಪ ಹೊತ್ತು ಯೋಚಿಸಿ, "ಹೌದು, ಕೇಳಿದ್ದ" ಅಂದರು.

ಈಗ ಅತ್ತೆಗೆ ಪಿತ್ತಕೋಶದಲ್ಲಿ ಕಲ್ಲು. ಅತ್ತೆ ಅಂದರೆ ಅಪ್ಪಯ್ಯನ ತಂಗಿ, ಹೊಸನಗರದ ಕಡೆಯವರು. ಮುಂದಿನ ತಿಂಗಳು ಅದೇ ಆಸ್ಪತ್ರೆ, ಅದೇ ಯೂನಿಟ್. ಹೌದು, ಅಲ್ಲಿಗೇ ಕರೆದುಕೊಂಡು ಹೋಗುತ್ತಿದ್ದೇನೆ. ಇದು ತೂತು ಮಾಡಿ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್, ಲ್ಯಾಪರೋಸ್ಕೋಪಿ. ಇದರಲ್ಲಿ ದೊಡ್ಡ ಭಯ ಪಿತ್ತನಾಳಕ್ಕೆ ಪೆಟ್ಟಾಗುವುದು. ಈ ವಿಧಾನ ಹೊಸದಾಗಿದ್ದಾಗ ಅಮೆರಿಕದ 55 ಸರ್ಜನ್‌ಗಳ 8,839 ಆಪರೇಷನ್ ಲೆಕ್ಕ ಹಾಕಿದ್ದರು, 1995ರಲ್ಲಿ ಪ್ರಕಟವಾಗಿದೆ. ನಾಳಕ್ಕೆ ಪೆಟ್ಟಾದ ಹತ್ತರಲ್ಲಿ ಒಂಬತ್ತು ಪ್ರಕರಣ ಆಯಾ ಸರ್ಜನ್ನಿನ ಮೊದಲ 30 ಆಪರೇಷನ್‌ಗಳೊಳಗೇ ಆಗಿದ್ದವು. ಅವರು ಪಿಜಿಗಳಲ್ಲ, ಆಗಲೇ ಸರ್ಜನ್ ಆಗಿದ್ದವರು, ಹೊಸ ವಿಧಾನ ಕಲಿಯುತ್ತಿದ್ದರು.

ಹಾಗಾಗಿ ಈ ಸಲ ಓಪಿಡಿಯಲ್ಲೇ ಕೇಳಿದೆ. ಆಪರೇಷನ್ ಯಾರು ಮಾಡುತ್ತಾರೆ, ಅವರು ಯಾವ ವರ್ಷದವರು, ಇಂಥದ್ದು ಎಷ್ಟು ಮಾಡಿದ್ದಾರೆ, ನಾಳ ಬಿಡಿಸುವ ಹೊತ್ತಿಗೆ ನೀವು ಕೈತೊಳೆದು ಟೇಬಲ್ ಹತ್ತಿರ ಇರುತ್ತೀರಾ ಅಥವಾ ಪಕ್ಕದ ಓಟಿಯಲ್ಲಾ, ಯಾವ ಹಂತದಲ್ಲಿ ನೀವು ತೆಗೆದುಕೊಳ್ಳುತ್ತೀರಿ. ಪ್ರೊಫೆಸರ್ ಬೇಜಾರು ಮಾಡಿಕೊಳ್ಳಲಿಲ್ಲ. ಕ್ಯಾಮೆರಾ ಪಿಜಿ ಹಿಡಿಯುತ್ತಾರೆ, ಪಿತ್ತಕೋಶವನ್ನು ಲಿವರ್‌ನಿಂದ ಬಿಡಿಸುವುದನ್ನು ಪಿಜಿ ಮಾಡಬಹುದು, ಕ್ಲಿಪ್ ಹಾಕುವ ಮೊದಲು ನಾಳ ಸ್ಪಷ್ಟವಾಗಿ ಕಂಡಿದೆ ಅಂತ ನಾನು ಒಪ್ಪಿಗೆ ಕೊಡದೆ ಯಾರೂ ಕ್ಲಿಪ್ ಹಾಕುವುದಿಲ್ಲ ಅಂದರು. ಒಪ್ಪಿಗೆ ಪತ್ರವನ್ನು ಹಿಂದಿನ ರಾತ್ರಿ ಅಲ್ಲ, ಈಗಲೇ ಕೊಡಿ, ಮನೆಗೆ ಒಯ್ದು ಅತ್ತೆಗೆ ಕನ್ನಡದಲ್ಲಿ ಓದಿ ಹೇಳುತ್ತೇನೆ ಅಂದೆ. ಕೊಟ್ಟರು. ಪರದೆ ವಿಷಯವನ್ನೂ ಹೇಳಿದೆ. ಪಕ್ಕದಲ್ಲಿದ್ದ ಪಿಜಿ ಬರೆದುಕೊಂಡರು. ಅಪ್ಪಯ್ಯನಿಗೆ ಮಾಡಿದ ಹುಡುಗನಲ್ಲ, ಅವರು ಪರೀಕ್ಷೆಗೆ ಓದುತ್ತಿದ್ದಾರಂತೆ. ಇವರು ಎರಡನೇ ವರ್ಷದ ಹೆಣ್ಣುಮಗಳು, ತಾನಾಗಿಯೇ ಅತ್ತೆಗೆ ನಮಸ್ಕಾರ ಮಾಡಿ, "ನಾನು ಸಾರ್ ಜೊತೆ ನಿಮ್ಮ ಆಪರೇಷನ್‌ನಲ್ಲಿ ಇರುತ್ತೇನೆ ಅಮ್ಮ, ನಿಮಗೆ ಅಡ್ಡಿ ಇಲ್ಲ ತಾನೇ?" ಅಂತ ಕೇಳಿದರು. ಅತ್ತೆ "ಸಾರ್ ಇರ್ತಾರಲ್ಲ? ಹಾಗಾದ್ರೆ ಇರು ಮಗಾ" ಅಂದರು.

ಅತ್ತೆಯದು ಮುಗಿದ ಮೇಲೆ ಇಲ್ಲೇ ಬಂದು ಬರೆಯುತ್ತೇನೆ. ಹೇಳುವ ವಿಷಯಕ್ಕೆ ಕೊಟ್ಟ ಆ ಒಂದು ಸ್ಟಾರನ್ನು ಸದ್ಯಕ್ಕೆ ಮೂರು ಮಾಡಿದ್ದೇನೆ.